ಎರಡನೇ ಗೇರಿನ ಏರು

ಮೋಟಾರಿಗೆ ತಾಮ್ರದ ತಂತಿ ಸುತ್ತುವಾಗ ಅಪ್ಪ ಮಾತಾಡುವುದಿಲ್ಲ. ಪಕ್ಕದಲ್ಲಿ ಕುಳಿತವರೂ ಮಾತಾಡಬಾರದು. ಸುತ್ತಿನ ಲೆಕ್ಕ ತಪ್ಪಿದರೆ ಆ ಮಿಕ್ಸಿ ತಿಂಗಳೊಳಗೆ ಸುಟ್ಟು ವಾಪಸ್ ಬರುತ್ತದೆ. ಆರನೇ ಕ್ಲಾಸಿನಿಂದ ನಾನು ಆ ಪಕ್ಕದ ಸ್ಟೂಲಿನಲ್ಲಿ ಕುಳಿತು ಮನಸ್ಸಿನಲ್ಲೇ ಸುತ್ತು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದವಳು. ಚಿಕ್ಕಲಸಂದ್ರದ ಆ ಹತ್ತಡಿ ಅಂಗಡಿಯಲ್ಲಿ, ವಾರ್ನಿಷ್ ವಾಸನೆಯ ನಡುವೆ, ಮಾತಾಡದಿರುವುದು ಒಂದು ಕೊರತೆ ಎಂದು ನನಗೆ ಯಾರೂ ಹೇಳಲಿಲ್ಲ. ಫಿಸಿಕ್ಸಿನಲ್ಲಿ ಬಿಎಸ್ಸಿ ಮುಗಿಸಿ, ಮೂರು ಇಂಟರ್‌ವ್ಯೂಗಳಲ್ಲಿ ಗೊತ್ತಿದ್ದ ಉತ್ತರಗಳನ್ನೂ ಬಾಯಲ್ಲೇ ಇಟ್ಟುಕೊಂಡು ಎದ್ದು ಬಂದ ಮೇಲೆ ತಿಳಿಯಿತು.

ಅಂಗಡಿ ಮುಚ್ಚುವ ಮಾತು ಒಂದು ವರ್ಷದಿಂದ ಮನೆಯಲ್ಲಿತ್ತು. ತಂದವರು ಕೈಲಾಸ್ ಮಾಮ, ಅಮ್ಮನ ತಮ್ಮ. ಜಯನಗರದಲ್ಲಿ ಅವರದು ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮಷೀನ್ ಮಾರುವ ದೊಡ್ಡ ಷೋರೂಮ್. ಅಪ್ಪ ಸೋಮವಾರ ಅಂಗಡಿ ತೆಗೆಯುವುದಿಲ್ಲ, ಬೆಳಗ್ಗೆ ಲಿಂಗಪೂಜೆ ನಿಧಾನವಾಗಿ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮಾಮ ಬಂದು ಕೂರುತ್ತಿದ್ದರು.

"ಭಾವ, ಮಿಕ್ಸಿ ಕೆಟ್ರೆ ಈಗ ಯಾರೂ ರಿಪೇರಿ ಅನ್ನಲ್ಲ. ಎಕ್ಸ್‌ಚೇಂಜ್ ಆಫರ್ ಯಾವಾಗ ಅಂತಾರೆ. ನಮ್ಮಲ್ಲಿ ಬಂದು ಕೂತ್ಕೊಳ್ಳಿ. ಏಸಿ ಇದೆ. ಬಂದವ್ರಿಗೆ ಯಾವ ಮೋಟಾರ್ ಒಳ್ಳೇದು ಅಂತ ಹೇಳಿದ್ರೆ ಸಾಕು."

"ಎಲ್ಲಾ ಮೋಟಾರೂ ಒಳ್ಳೇದು ಅಂತ ಹೇಳ್ಬೇಕಲ್ವಾ?"

"ಹೇಳಿ ಬಿಡಿ. ನಿಮ್ದೇನು ಹೋಗತ್ತೆ?"

ಅಪ್ಪ ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತಿದ್ದರು. ಆ ಸೋಮವಾರ ಮಾತ್ರ ನಗಲಿಲ್ಲ. ಹಿಂದಿನ ವಾರವಿಡೀ ಅಂಗಡಿಗೆ ಬಂದದ್ದು ಎರಡೇ ಮಿಕ್ಸಿ. ಅದರಲ್ಲೊಂದರ ಒಡತಿ ಮತ್ತೆ ಬರಲೇ ಇಲ್ಲ.

"ಕೈಲಾಸ, ಒಂದು ತಿಂಗ್ಳು ಕೊಡು," ಎಂದರು. "ಸೋಮು ತಂದಿಟ್ಟಿರೋ ಲಾರಿ ಟರ್ಬೊ ಇದೆಯಲ್ಲ, ಅದನ್ನ ಮಿಕ್ಸಿ ಮೋಟಾರಲ್ಲಿ ತಿರುಗಿಸಿ ನಮ್ಮ ಕಾರಿಗೆ ಕೂರಿಸ್ತೀನಿ. ನಾಲ್ಕು ಜನ ಕೂತು ಅಂಜನಾಪುರದ ಏರನ್ನ ಎರಡನೇ ಗೇರಲ್ಲಿ ಹತ್ತಿದ್ರೆ ನಾನು ಅಂಗಡಿ ಬಿಡಲ್ಲ, ನೀನು ಮತ್ತೆ ಕೇಳ್ಬಾರ್ದು. ಹತ್ಲಿಲ್ಲ ಅಂದ್ರೆ ಮಾರನೇ ದಿನವೇ ಬಂದು ನಿನ್ನ ಏಸಿ ಕೆಳಗೆ ಕೂತ್ಕೋತೀನಿ."

ಅಡುಗೆಮನೆಯಲ್ಲಿ ಅಮ್ಮನ ಕೈಯ ಸೌಟು ಸದ್ದು ನಿಲ್ಲಿಸಿತು. ಅಪ್ಪ ಆಡಿದ ಮಾತು ತಪ್ಪುವವರಲ್ಲ ಎಂಬುದು ಮಾಮನಿಗೂ ಗೊತ್ತಿತ್ತು. "ಆಯ್ತು ಭಾವ," ಎಂದು ಬಾಳೆಹಣ್ಣು ಸುಲಿದರು.

ಸೋಮು ಎಂದರೆ ಸೋಮನಾಥ್ ಅಂಕಲ್, ಅಪ್ಪನ ಶಾಲೆಯ ಗೆಳೆಯ, ಬನಶಂಕರಿಯಲ್ಲಿ ಗ್ಯಾರೇಜು ಇಟ್ಟವರು. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿದರೆ ಅದು ಹೆಚ್ಚು ಪೆಟ್ರೋಲು ಸುಟ್ಟು ಹೆಚ್ಚು ಬಲ ಕೊಡುತ್ತದೆ. ಟರ್ಬೊ ಮಾಡುವುದು ಅಷ್ಟೇ, ಒಂದು ಪುಟ್ಟ ಚಕ್ರ ಜೋರಾಗಿ ತಿರುಗಿ ಗಾಳಿಯನ್ನು ಒಳಗೆ ನೂಕುತ್ತದೆ. ಲಾರಿಯಲ್ಲಿ ಆ ಚಕ್ರವನ್ನು ತಿರುಗಿಸುವುದು ಹೊಗೆಯ ರಭಸ. ಅಂಕಲ್ ತಂದದ್ದರಲ್ಲಿ ಹೊಗೆಯ ಕಡೆಯ ಅರ್ಧ ಸೀಳಿತ್ತು, ಗಾಳಿಯ ಕಡೆಯ ಅರ್ಧ ನೆಟ್ಟಗಿತ್ತು. ಅದನ್ನು ಅಪ್ಪ ಮಿಕ್ಸಿ ಮೋಟಾರಿನ ತಲೆಗೆ ಕೂರಿಸಹೊರಟಿದ್ದರು.

"ಲೇ ಚಿದಾ, ಕಾರಲ್ಲಿ ಚಟ್ನಿ ರುಬ್ಬಕ್ಕೆ ಹೊರಟ್ಯಾ?" ಎಂದು ಅಂಕಲ್ ಅಪ್ಪನನ್ನು ಛೇಡಿಸಿದರು.

"ಮಿಕ್ಸಿ ಮೋಟಾರು ಅರ್ಧ ನಿಮಿಷ ಜೋರಾಗಿ ತಿರುಗಿ ಸುಮ್ನಾಗಕ್ಕೇ ಹುಟ್ಟಿರೋದು ಕಣೋ. ಏರು ಹತ್ತಕ್ಕೆ ಎಷ್ಟೊತ್ತು ಬೇಕು, ಅರ್ಧ ನಿಮಿಷ ತಾನೆ?"

ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡೆ.

ಮನೆಯ ಕರೆಂಟಿಗೆ ಮಾಡಿದ ಮೋಟಾರಿನಲ್ಲಿ ಕೂದಲಿನಂಥ ತಂತಿ ನೂರಾರು ಸುತ್ತು ಇರುತ್ತದೆ. ಕಾರಿನ ಬ್ಯಾಟರಿಯ ಹನ್ನೆರಡು ವೋಲ್ಟಿಗೆ ದಪ್ಪ ತಂತಿ, ಕೆಲವೇ ಸುತ್ತು. ಅಪ್ಪ ಹಳೆಯದನ್ನು ಕಿತ್ತು ಹೊಸದಾಗಿ ಸುತ್ತಿದರು, ನಾನು ಎಣಿಸಿದೆ. ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷು ಎರಡು ಸಲ ಸುಟ್ಟಿತು. ಅದನ್ನು ಹಿಡಿದಿಡುವ ಹಿತ್ತಾಳೆಯ ಹೋಲ್ಡರನ್ನೂ ಬದಲಾಯಿಸಿದರು. ಮೂರನೆಯ ವಾರದ ಕೊನೆಗೆ, ಡಿಕ್ಕಿಯಲ್ಲಿ ಬೇರೆ ಬ್ಯಾಟರಿ, ಗೇರಿನ ಪಕ್ಕ ಒಂದು ದಪ್ಪ ಸ್ವಿಚ್ಚು, ಬಾನೆಟ್ಟಿನೊಳಗೆ ಮಿಕ್ಸಿಯ ತಲೆ ಇಟ್ಟುಕೊಂಡು ನಮ್ಮ ಹದಿನಾರು ವರ್ಷದ ಪುಟ್ಟ ಕಾರು ಸುಬ್ರಹ್ಮಣ್ಯಪುರದ ಕಡೆ ಹೊರಟಿತು. ಅಪ್ಪ ಸ್ವಿಚ್ಚು ಒತ್ತಿದಾಗ ಕೊಬ್ಬರಿ ರುಬ್ಬುವ ಸದ್ದು ಬಂತು. ರಸ್ತೆಯ ಬದಿಯ ಹೆಂಗಸೊಬ್ಬರು ತಿರುಗಿ ನೋಡಿದರು.

"ಸಖತ್ ಪಿಕಪ್ ಗುರು!" ಸೋಮನಾಥ್ ಅಂಕಲ್ ಡ್ಯಾಷ್‌ಬೋರ್ಡ್ ತಟ್ಟಿದರು. "ಎಳೀತಾ ಇದೆ! ಬೆನ್ನಿಗೆ ಗೊತ್ತಾಗ್ತಿದೆ!"

ಅಪ್ಪನ ಕಿವಿ ಕೆಂಪಾಗಿತ್ತು. ತುಂಬ ಸಂತೋಷವಾದಾಗ ಹಾಗಾಗುತ್ತದೆ.

ಹಿಂದಿನ ಸೀಟಿನಲ್ಲಿ ನನ್ನ ಕೈಯಲ್ಲಿ ನೀರಿನ ಪೈಪಿತ್ತು. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು. ಅದನ್ನು ಹಲಗೆಯ ಮೇಲೆ ಬಾಗಿಸಿ ಕಟ್ಟಿ, ಕುಂಕುಮ ಕದಡಿದ ನೀರು ತುಂಬಿ, ಒಂದು ತುದಿಯನ್ನು ಟರ್ಬೊದಿಂದ ಇಂಜಿನ್ನಿಗೆ ಹೋಗುವ ಕೊಳವೆಗೆ ಸಿಕ್ಕಿಸಿದ್ದೆ. ಗಾಳಿ ಎಷ್ಟು ಒತ್ತುತ್ತದೋ ಅಷ್ಟು ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಬೇಕು. ಚಕ್ರದ ಅಗಲ, ಮೋಟಾರಿನ ವೇಗ ಹಾಕಿ ನಾನು ಮಾಡಿದ್ದ ಲೆಕ್ಕದಲ್ಲಿ ವ್ಯತ್ಯಾಸ ಅರ್ಧ ಮೀಟರಿನಷ್ಟು ಬರಬೇಕಿತ್ತು. ಬಂದದ್ದು ಎರಡು ಬೆರಳು.

ಮೊದಲು ಪೈಪು ಸೋರುತ್ತಿದೆ ಎಂದುಕೊಂಡೆ. ಸೋರುತ್ತಿರಲಿಲ್ಲ. ಲೆಕ್ಕ ತಪ್ಪೆಂದುಕೊಂಡೆ. ಮನೆಗೆ ಬಂದು ಮೂರು ಸಲ ಮಾಡಿದೆ, ಅದೂ ಸರಿಯಿತ್ತು. ಬೆನ್ನಿಗೆ ಗೊತ್ತಾದ ಎಳೆತ ಬರೀ ಸದ್ದಿನದಾಗಿತ್ತು. ಅಷ್ಟು ಸದ್ದು ಮಾಡುವುದು ಏನೋ ಮಾಡುತ್ತಿರಲೇಬೇಕು ಎಂದು ದೇಹ ನಂಬಿಬಿಡುತ್ತದೆ. ನೋಟ್‌ಬುಕ್ಕಿನಲ್ಲಿ ಅಂದು ಬರೆದದ್ದು ಒಂದೇ ಸಾಲು: 'ಎರಡು ಬೆರಳು. ಯಾರಿಗೂ ಹೇಳಿಲ್ಲ.'

ಬುಧವಾರ, ಅಂದರೆ ಕಾರು ಏರು ಹತ್ತುವುದನ್ನು ನೋಡಲು ಮಾಮ ಬರಲಿದ್ದ ಭಾನುವಾರಕ್ಕೆ ನಾಲ್ಕು ದಿನ ಮೊದಲು, ಅಪ್ಪ ಟರ್ಬೊದ ಹೊರಕವಚ ಬಿಚ್ಚಿ ಕೊಟ್ಟರು. "ಸೋಪು ಹಾಕಿ ತೊಳ್ದು ತಾ ಪುಟ್ಟಿ. ಭಾನುವಾರ ನಿಮ್ಮಾಮ ನೋಡ್ತಾನೆ, ಪಳಪಳ ಅನ್ಬೇಕು."

ಕವಚ ಬಸವನಹುಳುವಿನ ಚಿಪ್ಪಿನಂತಿದೆ. ಒಂದು ಕಡೆ ಸಣ್ಣಗೆ ಹೊರಟು, ಸುತ್ತುತ್ತ ಅಗಲವಾಗಿ, ಬಾಯಿಯಲ್ಲಿ ತೆರೆದುಕೊಳ್ಳುತ್ತದೆ. ನಲ್ಲಿಯ ಕೆಳಗಿಟ್ಟು ಬೆರಳಿನಿಂದ ಒಳಗೆ ಉಜ್ಜಿದೆ. ಕೈ ಒಂದು ಕಡೆ ಸುತ್ತಿದಾಗ ನೊರೆ ಒಳಗೊಳಗೇ ತಿರುಗಿತು. ಇನ್ನೊಂದು ಕಡೆ ಸುತ್ತಿದಾಗ ನೀರು ಸರ್ರನೆ ಬಾಯಿಯಿಂದ ಹೊರಗೆ ಹಾರಿ ನನ್ನ ಚೂಡಿದಾರವೆಲ್ಲ ಒದ್ದೆಯಾಯಿತು. ಮತ್ತೆ ಆ ಕಡೆ, ಮತ್ತೆ ಈ ಕಡೆ. ನಲ್ಲಿ ಸುರಿಯುತ್ತಲೇ ಇತ್ತು. ನೀರನ್ನು ಹೊರಗೆ ನೂಕಿದ ಆ ದಿಕ್ಕಿಗೆ ನಮ್ಮ ಮೋಟಾರು ತಿರುಗುತ್ತಿರಲಿಲ್ಲ. ಅದು ತಿರುಗುತ್ತಿದ್ದುದು ಮಿಕ್ಸಿಗಳೆಲ್ಲ ತಿರುಗುವ ದಿಕ್ಕಿಗೆ.

ಅಪ್ಪ ಸುತ್ತಿದ ಮಿಕ್ಸಿ ಯಾವತ್ತೂ ಒಂದೇ ಕಡೆ ತಿರುಗುತ್ತದೆ. ಉಲ್ಟಾ ತಿರುಗಿದರೆ ತಲೆಯ ಮೇಲಿನ ತಿರುಪು ಬಿಚ್ಚಿಕೊಂಡು ರುಬ್ಬುವ ಜಾರ್ ಎದ್ದು ಹಾರುತ್ತದೆ. ಮೂವತ್ತೊಂದು ವರ್ಷ ಆ ಕೈ ಅದನ್ನು ಯೋಚಿಸದೆ ಮಾಡುತ್ತ ಬಂದಿತ್ತು. ಈ ಸಲವೂ ಯೋಚಿಸಲಿಲ್ಲ. ಪಕ್ಕದಲ್ಲಿ ಕುಳಿತು ಎಣಿಸಿದ ನಾನೂ ಯೋಚಿಸಲಿಲ್ಲ.

ಸುಮ್ಮನಿದ್ದರೆ ಭಾನುವಾರ ಕಾರು ಏರಿನಲ್ಲಿ ನಿಲ್ಲುತ್ತದೆ, ಸೋಮವಾರ ಅಪ್ಪ ಷೋರೂಮಿನಲ್ಲಿರುತ್ತಾರೆ. ಹೇಳಬೇಕೆಂದರೆ, ನನಗೆ ತಂತಿ ಹಿಡಿಯುವುದನ್ನು ಕಲಿಸಿದ ಕೈಗೇ ತಪ್ಪಾಗಿದೆ ಎನ್ನಬೇಕು. ಇಷ್ಟು ಯೋಚಿಸುತ್ತ ಅರ್ಧ ಗಂಟೆ ಬಚ್ಚಲಲ್ಲೇ ಕುಳಿತಿದ್ದೆನೆಂದು ಅಮ್ಮ ಬಾಗಿಲು ಬಡಿದಾಗಲೇ ಗೊತ್ತಾದದ್ದು.

ಅಂಗಡಿಗೆ ಕವಚದ ಜೊತೆ ಒಂದು ಚೊಂಬು ನೀರೂ ತೆಗೆದುಕೊಂಡು ಹೋದೆ. ಮಾತಿಗಿಂತ ಅದೇ ವಾಸಿ ಎನಿಸಿತು. ಬೆಂಚಿನ ಮೇಲಿಟ್ಟು, ನೀರು ಹಾಕಿ, ಬೆರಳಾಡಿಸಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು.

"ಏನು?"

"ನಮ್ದು ಈ ಕಡೆ ತಿರುಗ್ತಿದೆ ಅಪ್ಪ. ಅದು ಆ ಕಡೆ ತಿರುಗ್ಬೇಕು."

"ಪಿಕಪ್ ಬಂತಲ್ಲ?"

"ಎರಡು ಬೆರಳು ಬಂತು. ಐವತ್ತು ಸೆಂಟಿಮೀಟರ್ ಬರ್ಬೇಕಿತ್ತು."

"ಯಾವತ್ತು ನೋಡ್ದೆ?"

"ಶನಿವಾರ."

"ಇವತ್ತು ಬುಧವಾರ." ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಅವರು ಮೋಟಾರು ಕೈಗೆತ್ತಿಕೊಂಡು ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದರು. "ಆ ಕಡೆ ತಿರುಗಿದ್ರೆ ನಟ್ಟು ಬಿಚ್ಕೊಳ್ಳತ್ತೆ ಪುಟ್ಟಿ. ಬಾನೆಟ್ ಒಳಗೆ ಅಷ್ಟು ಸ್ಪೀಡಲ್ಲಿ ಚಕ್ರ ಕಳಚಿದ್ರೆ..."

ನಾನು ಅದನ್ನು ಯೋಚಿಸಿರಲಿಲ್ಲ. ಅವರ ಕೈ ಮರೆವಿನಿಂದ ಮಾತ್ರ ಹಾಗೆ ಮಾಡಿರಲಿಲ್ಲ. ಅದಕ್ಕೊಂದು ಭಯ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ಬರೀ ವೈರ್ ಅದಲು ಬದಲು ಮಾಡಿದ್ರೆ?"

"ತಿರುಗತ್ತೆ. ಕಿಡಿ ಕಾರತ್ತೆ. ಸುತ್ತಿರೋದೇ ಈ ಕಡೆಗೆ ಅಂತಲ್ವಾ." ರಸ್ತೆಯಲ್ಲಿ ಬಸ್ಸೊಂದು ಸ್ಟಾಪಿನಲ್ಲಿ ನಿಂತು ಹೋಯಿತು. ಆಮೇಲೆ ಅಪ್ಪ ಕಟಿಂಗ್ ಪ್ಲೇಯರ್ ತೆಗೆದುಕೊಂಡು, ಹದಿನೈದು ದಿನದ ಕೆಲಸವಾಗಿದ್ದ ಆ ತಾಮ್ರವನ್ನೆಲ್ಲ ಕತ್ತರಿಸಿ ಕಿತ್ತು ಡಬ್ಬಿಗೆ ಹಾಕಿದರು.

"ಸ್ಟೂಲ್ ಹತ್ರ ಎಳ್ಕೋ," ಎಂದರು. "ಈ ಸಲ ಬಾಯಿಬಿಟ್ಟು ಎಣಿಸು. ನನ್ನ ಕೈ ಅಭ್ಯಾಸದ ಕಡೆಗೇ ಹೋಗತ್ತೆ. ನೀನು ಗಟ್ಟಿಯಾಗಿ ಹೇಳ್ತಿದ್ರೆ ಎಚ್ಚರ ಇರತ್ತೆ."

ಗುರುವಾರ, ಶುಕ್ರವಾರ ನಾನು ಎಣಿಸಿದೆ. ಒಂದು, ಎರಡು, ಎಡಕ್ಕೆ, ಎಡಕ್ಕೆ ಅಪ್ಪ, ಮೂರು. ಎದುರಿನ ಬೇಕರಿಯವರು ಬಂದು ನೋಡಿ ಹೋದರು. ತಂತಿಗೆ ಬಳಿದ ವಾರ್ನಿಷ್ ಒಣಗಲು ಮೋಟಾರನ್ನು ಬಲ್ಬು ಹಚ್ಚಿದ ತಗಡಿನ ಡಬ್ಬಿಯಲ್ಲಿಟ್ಟೆವು. ನಟ್ಟು ಬಿಚ್ಚಿಕೊಳ್ಳದಿರಲು ಅಪ್ಪ ನಟ್ಟಿಗೂ ಅಚ್ಚಿಗೂ ಸೇರಿಸಿ ಅಡ್ಡ ತೂತು ಕೊರೆದು ಉಕ್ಕಿನ ಪಿನ್ನು ಬಡಿದರು. ಶನಿವಾರ ಮಧ್ಯಾಹ್ನ ಬೆಂಚಿನ ಮೇಲೆ ಸ್ವಿಚ್ಚು ಒತ್ತಿದಾಗ ಕುಂಕುಮದ ನೀರು ಪೈಪಿನಲ್ಲಿ ಜಿಗಿಯಿತು. ನಲವತ್ತಾರು ಸೆಂಟಿಮೀಟರ್. ಅಪ್ಪ ಹಲಗೆಯ ಹತ್ತಿರ ಬಗ್ಗಿ ಎರಡು ಸಲ ಓದಿದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಂಜನಾಪುರದ ಆ ಏರಿನ ಬುಡದಲ್ಲಿದ್ದೆವು. ಏರಿನ ತುದಿಯಲ್ಲಿ ನನ್ನ ಸೋದರತ್ತೆಯ ಮನೆ. ರಸ್ತೆಗೆ ಆರು ಕರೆಂಟು ಕಂಬ. ಅತ್ತೆಯ ಮನೆಗೆ ಹೋಗುವಾಗಲೆಲ್ಲ ನಾಲ್ಕನೆಯ ಕಂಬದ ಹತ್ತಿರ ಕಾರು ಏದುಸಿರು ಬಿಡುತ್ತಿತ್ತು, ಅಪ್ಪ ಒಂದನೇ ಗೇರಿಗೆ ಇಳಿಸುತ್ತಿದ್ದರು. ಇಂದು ಅಪ್ಪನ ಪಕ್ಕ ಸೋಮನಾಥ್ ಅಂಕಲ್, ಹಿಂದೆ ನಾನು ಮತ್ತು ಮಾಮ.

"ನನ್ನನ್ನೇ ಕರ್ಕೊಂಡು ಹತ್ತಬೇಕಾ ಭಾವ? ನಾನು ಇಬ್ಬರ ತೂಕ."

"ಅದಕ್ಕೇ ಕರೆದದ್ದು," ಎಂದರು ಅಂಕಲ್. "ಆಮೇಲೆ ನೀನೇ ತಕರಾರು ತೆಗೀಬಾರ್ದಲ್ಲ."

"ಪೊಲೀಸ್ನೋರು ಹಿಡಿದು ಇದೇನು ಸದ್ದು ಅಂದ್ರೆ?"

"ಮಿಕ್ಸಿ ಡೆಲಿವರಿ ಅನ್ನು. ನಿನ್ನ ಷೋರೂಮಿನ ಬಿಲ್ ಪುಸ್ತಕ ತಂದಿದ್ದೀಯ ತಾನೆ?"

ಅಪ್ಪ ಮೊದಲ ಗೇರಿನಲ್ಲಿ ಹೊರಟು, ಮೊದಲ ಕಂಬದ ಹತ್ತಿರ ಎರಡಕ್ಕೆ ಹಾಕಿ ಸ್ವಿಚ್ಚು ಒತ್ತಿದರು. ನನ್ನ ಪೈಪಿನಲ್ಲಿ ನೀರು ಎದ್ದಿತು. ಎರಡನೆಯ ಕಂಬ, ಮೂರು. ನಾಲ್ಕನೆಯದು ದಾಟಿತು. ಐದನೆಯದರ ಹತ್ತಿರ ಇಂಜಿನ್ನಿನ ದನಿ ಇಳಿಯಿತು. ಅಪ್ಪ ಎಡಗೈಯನ್ನು ಗೇರಿನ ಮೇಲಿಟ್ಟರು, ಆದರೆ ಇಳಿಸಲಿಲ್ಲ. ಆರನೆಯ ಕಂಬ ನಡೆದು ಬರುವವರಷ್ಟು ನಿಧಾನವಾಗಿ ಕಿಟಕಿಯ ಪಕ್ಕ ಬಂತು, ಹಿಂದಕ್ಕೆ ಹೋಯಿತು. ಕಾರು ಅತ್ತೆಯ ಮನೆಯ ಗೇಟಿನ ಮುಂದೆ ಸಮತಟ್ಟಿಗೆ ಬಂದು ನಿಂತಿತು.

"ಹತ್ತಿಬಿಡ್ತು ಮಗಾ!" ಅಂಕಲ್ ಇಳಿದು ಬಾನೆಟ್ಟಿಗೆ ಮುತ್ತಿಟ್ಟು, ಬಿಸಿಗೆ ತುಟಿ ಸುಟ್ಟುಕೊಂಡರು. ಮಾಮ ತಲೆಯಾಡಿಸಿ, "ಒಪ್ದೆ ಭಾವ, ಒಪ್ದೆ," ಎಂದು ಅಪ್ಪನ ಕೈ ಹಿಡಿದರು. ಅಪ್ಪನ ಕಿವಿ ಕೆಂಪಾಗಿತ್ತು. ಅತ್ತೆ ಗೇಟಿನಿಂದ ಕಾಫಿಗೆ ಕರೆದರು.

ಅಲ್ಲಿಗೆ ಮುಗಿದಿತ್ತು. ಅಂಗಡಿ ಉಳಿದಿತ್ತು. ನಾನು ಬಾಯಿ ತೆರೆಯಬೇಕಾದ ಕಾರಣವೇ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಚೆನ್ನಾಗಿ ಮಾಡುತ್ತ ಬಂದಿರುವ ಕೆಲಸವನ್ನೇ ಇನ್ನೊಂದಷ್ಟು ಹೊತ್ತು ಮಾಡಿದರೆ ಸಾಕಿತ್ತು. ಆದರೆ ನಾಲ್ಕನೆಯ ಕಂಬ ದಾಟಿ ಎರಡನೇ ಗೇರಿನಲ್ಲಿ ನಾವು ಯಾವತ್ತೂ ಪ್ರಯತ್ನಿಸಿಯೇ ಇರಲಿಲ್ಲ. ಪ್ರತಿ ಸಲವೂ ಅಪ್ಪ ಗಾಡಿಯ ಮೇಲಿನ ಕನಿಕರಕ್ಕೆ ಮೊದಲೇ ಗೇರು ಇಳಿಸುತ್ತಿದ್ದರು. ಟರ್ಬೊ ಇಲ್ಲದೆಯೂ ಅದು ಹತ್ತುತ್ತಿತ್ತೇನೋ. ಯಾರಿಗೆ ಗೊತ್ತು? ಅಪ್ಪನಿಗೂ ಗೊತ್ತಿಲ್ಲ. ಈ ಪ್ರಶ್ನೆ ಇಂದಲ್ಲದಿದ್ದರೆ ಇನ್ನೊಂದು ದಿನ, ಬೆಂಚಿನ ಮುಂದೆ ಒಬ್ಬರೇ ಕುಳಿತಾಗ, ಅವರಿಗೇ ಬರುತ್ತದೆ. ಆಗ ಉತ್ತರ ಹೇಳಲು ಯಾರೂ ಇರುವುದಿಲ್ಲ.

"ಅಪ್ಪ," ಎಂದೆ. ಮೂವರೂ ತಿರುಗಿದರು. "ಇನ್ನೊಂದ್ಸಲ ಹತ್ತಬೇಕು. ಇದಿಲ್ದೆ."

"ಯಾಕೇ?" ಎಂದರು ಅಂಕಲ್. "ಹತ್ತಿದ್ದು ಕಾಣ್ಲಿಲ್ವಾ?"

"ಟರ್ಬೊದಿಂದಲೇ ಹತ್ತಿದ್ದು ಅಂತ ಹೇಗೆ ಗೊತ್ತು ಅಂಕಲ್?"

ಮಾಮನ ಮುಖದಲ್ಲಿ ಸಣ್ಣ ಬೆಳಕು ಬಂತು. "ಸರಿಯಾಗಿ ಹೇಳಿದ್ಲು ನೋಡಿ. ಸ್ವಿಚ್ ಆಫ್ ಮಾಡಿ ಹತ್ತಿಸೋಣ."

"ಆಫ್ ಮಾಡಿದ್ರೆ ಸಾಲ್ದು. ನಿಂತಿರೋ ಚಕ್ರ ಗಾಳಿಗೆ ಅಡ್ಡ ಆಗತ್ತೆ, ಮೋಸ ಆಗತ್ತೆ. ಪೈಪ್ ಬಿಚ್ಚಿ ಡಿಕ್ಕಿಲಿರೋ ಮೊದಲಿನ ಏರ್ ಫಿಲ್ಟರ್ ಹಾಕ್ಬೇಕು." ನನ್ನ ದನಿ ನನಗೇ ಪರಿಚಯವಿಲ್ಲದಂತೆ ಕೇಳಿಸಿತು. "ಮತ್ತೆ, ಅಪ್ಪ ಓಡಿಸ್ಬಾರ್ದು. ಮಾಮ ಓಡಿಸ್ಲಿ."

"ನೀನು ಯಾರ ಕಡೆ ಪುಟ್ಟಿ?" ಅಂಕಲ್ ನಿಜವಾಗಿಯೂ ಗದರಿದರು.

ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರ ಕಿವಿಯ ಕೆಂಪು ಇಳಿದಿತ್ತು. "ಬಿಚ್ಚು ಸೋಮು," ಎಂದರು. "ಸ್ಕ್ರೂಡ್ರೈವರ್ ಡ್ಯಾಷ್‌ಬೋರ್ಡಲ್ಲಿದೆ."

ಹತ್ತು ನಿಮಿಷ ಹಿಡಿಯಿತು. ಕೆಳಗಿಳಿದು, ಅದೇ ಜಾಗದಿಂದ, ಅದೇ ನಾಲ್ಕು ಜನ ಹೊರಟೆವು. ಈ ಸಲ ಅಪ್ಪ ನನ್ನ ಪಕ್ಕ ಹಿಂದೆ ಕುಳಿತರು. ಮಾಮ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರು. ಅವರು ಗೆಲ್ಲಬೇಕೆಂದೇ ಓಡಿಸಿದರು. ನಾಲ್ಕನೆಯ ಕಂಬ ದಾಟಿತು. ಐದನೆಯದೂ ದಾಟಿತು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು, ಇಂಜಿನ್ನಿನ ದನಿ ಕೇಳುತ್ತಿದ್ದರು. ಆಮೇಲೆ ಕಾರು ಒಮ್ಮೆ ನಡುಗಿತು, ಇನ್ನೊಮ್ಮೆ, "ಬಾ ಬಾ ಬಾ ಬಾ," ಎಂದು ಮಾಮ ಸೀಟಿನಿಂದ ಮುಂದಕ್ಕೆ ಬಾಗಿದರು. ಆರನೆಯ ಕಂಬದ ಈಚೆಗೆ ಅದು ಗಕ್ಕನೆ ನಿಂತುಬಿಟ್ಟಿತು.

"ಕಲ್ಲು! ಕಲ್ಲಿಡ್ರೋ ಚಕ್ರಕ್ಕೆ!" ಹ್ಯಾಂಡ್‌ಬ್ರೇಕ್ ಎಳೆದು ಮಾಮ ಕೂಗಿದರು. ಅಂಕಲ್ ನಗುತ್ತಲೇ ಕಲ್ಲು ಹುಡುಕಿದರು.

ಅಪ್ಪ ಇಳಿದು, ಕಾರಿನ ಮೂತಿಯಿಂದ ಅತ್ತೆಯ ಮನೆಯ ಗೇಟಿನವರೆಗೆ ನಡೆದರು. ಪ್ರತಿ ಹೆಜ್ಜೆಯನ್ನೂ ಒಂದೇ ಅಳತೆಯಲ್ಲಿ ಇಟ್ಟರು. "ಹದಿನಾಲ್ಕು," ಎಂದು ಅಲ್ಲಿಂದಲೇ ಹೇಳಿದರು.

"ಹದಿನಾಲ್ಕು ಹೆಜ್ಜೆಗೆ ಒಂದು ತಿಂಗಳಾ ಭಾವ?"

"ಹೂಂ."

ಮಾಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಮ್ಮ ಗೋಡೌನಲ್ಲಿ ವಾಪಸ್ ಬಂದಿರೋ ಮಿಕ್ಸಿ ಮೂವತ್ತು ಬಿದ್ದಿವೆ. ಮೋಟಾರು ಸುಟ್ಟಿರೋವು. ಮಂಗಳವಾರ ಅಂಗಡಿಗೆ ಕಳಿಸ್ಲಾ?"

"ಕಳ್ಸು. ಯಾವ್ದು ಒಳ್ಳೇದಲ್ಲ ಅಂತಾನೂ ಹೇಳ್ತೀನಿ."

ನಾನು ಏರು ಹತ್ತಿ ಅಪ್ಪನ ಹತ್ತಿರ ಹೋದೆ. ಅವರು ನನ್ನ ಕಡೆ ನೋಡದೆ ಕೇಳಿದರು: "ಟರ್ಬೊ ಇಲ್ದೆಯೂ ಹತ್ತಿಬಿಟ್ಟಿದ್ರೆ ಏನ್ ಮಾಡ್ತಿದ್ದೆ?"

"ಗೊತ್ತಿಲ್ಲ. ನಿಮ್ಮ ಜೊತೆ ಷೋರೂಮಿಗೆ ಬರ್ತಿದ್ದೆ."

"ಬಂದು? ಅಲ್ಲಿ ಗಿರಾಕಿಗಳ ಹತ್ರ ಮಾತಾಡ್ತಿದ್ದ್ಯಾ?"

"ಇಲ್ಲ."

"ನಾನೂ ಇಲ್ಲ," ಎಂದರು ಅಪ್ಪ. ಇಬ್ಬರಿಗೂ ನಗು ಬಂತು. ಕೆಳಗೆ ಅಂಕಲ್ ಕಲ್ಲು ತೆಗೆದರು. ಮಾಮ ಒಂದನೇ ಗೇರು ಹಾಕಿ, ನಮ್ಮ ಪಕ್ಕದಿಂದಲೇ ಕಾರನ್ನು ನಿಧಾನವಾಗಿ ಗೇಟಿನೊಳಗೆ ತಂದರು.